ಪೈನ್ ಕಪಾಟಿಗೆ ಯಾವ ಪಾಲಿಶ್?

ಓದುಗರ ಪ್ರಶ್ನೆ, ಬಡಗಿಯ ಉತ್ತರ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವನು. ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಕಡೆಯಿಂದ ಬಂದ ಮಷಿನ್ ಪ್ಯಾಕಿಂಗ್‌ನ ಪೈನ್ ಹಲಗೆ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು. ವಿಡಿಯೋ ನೋಡಿಕೊಂಡು ಆರು ಬಾಗಿಲಿನ ಅಡುಗೆಮನೆ ಕಪಾಟು ನಾನೇ ಮಾಡಿದ್ದೇನೆ. ನಾಲ್ಕು ತಿಂಗಳು ಹಿಡಿಯಿತು. ಈಗ ಪಾಲಿಶ್ ಹತ್ತಿರ ಬಂದು ನಿಂತಿದ್ದೇನೆ. ಮರದ ಬಿಳಿ ಬಣ್ಣ ಹಾಗೇ ಇರಲಿ ಅಂತ ನಮ್ಮ ಮನೆಯವರು. ತೇಗದ ಕಲರ್ ಹಾಕಿ ಅಂತ ಮಗ. ಅಂಗಡಿಯವರು ಎಣ್ಣೆ ವಾರ್ನಿಶ್ ಕೊಡುತ್ತಾರೆ. ಪಾಲಿಶ್‌ನವನು ಮೆಲಮೈನ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಅಡುಗೆಮನೆ ಕಿಟಕಿ ಪಶ್ಚಿಮಕ್ಕಿದೆ. ಏನು ಹಚ್ಚಲಿ?
– ನಿವೃತ್ತ ಮೇಷ್ಟ್ರು, ಕ್ಯಾತ್ಸಂದ್ರ

ಉತ್ತರ: ಮೇಷ್ಟ್ರೇ, ನಾಲ್ಕು ಜನ ನಾಲ್ಕು ಮಾತು ಹೇಳಿದ್ದಾರೆ. ನಾನು ಐದನೆಯವನು. ಆದರೆ ಆ ನಾಲ್ಕು ಜನರಲ್ಲಿ ಒಬ್ಬರೂ ನಿಮ್ಮ ಹಲಗೆಯ ಗಂಟುಗಳ ಬಗ್ಗೆ ಕೇಳಲಿಲ್ಲ, ಅಲ್ವಾ? ಪೈನ್ ವಿಷಯದಲ್ಲಿ ಮೊದಲು ನೋಡಬೇಕಾದ್ದು ಅದನ್ನೇ.

ಅದಕ್ಕೂ ಮುಂಚೆ ಒಂದು ಕೆಲಸ. ಮಿಕ್ಕಿರುವ ತುಂಡುಗಳನ್ನು ತಿರುಗಿಸಿ ನೋಡಿ. ಎಲ್ಲೋ ಒಂದು ಕಡೆ ಸುಟ್ಟು ಒತ್ತಿದ ಮುದ್ರೆ ಇರುತ್ತೆ. ತೆನೆಯ ಹಾಗಿರುವ ಗುರುತು, ಪಕ್ಕದಲ್ಲಿ ದೇಶದ ಎರಡಕ್ಷರ, ಕೆಳಗೆ ‘ಎಚ್‌ಟಿ’ ಅಥವಾ ‘ಎಂಬಿ’. ‘ಎಚ್‌ಟಿ’ ಅಂದರೆ ಹಲಗೆಯ ತಿರುಳಿಗೂ 56 ಡಿಗ್ರಿ ಮುಟ್ಟುವ ಹಾಗೆ ಅರ್ಧ ಗಂಟೆ ಕಾಯಿಸಿದ ಮರ. ‘ಎಂಬಿ’ ಅಂದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟಿದ್ದು. ‘ಎಂಬಿ’ ಮರವನ್ನು ನಾನಾದರೆ ಅಡುಗೆಮನೆಗೆ ತರುವುದಿಲ್ಲ. ಅದನ್ನು ಅಂಗಳದ ಬೆಂಚಿಗೆ ಹಾಕುತ್ತೇನೆ. ಮುದ್ರೆಯೇ ಇಲ್ಲದೆ ಎಣ್ಣೆ ಕಲೆ, ಕೆಮಿಕಲ್ ವಾಸನೆ ಇರುವ ಹಲಗೆಯನ್ನೂ ಹಾಗೇ ಪಕ್ಕಕ್ಕಿಡಿ.

‘ಎಚ್‌ಟಿ’ ಇದ್ದರೂ ಗಂಟಿನ ಕಾಟ ತಪ್ಪಲ್ಲ. ಆ 56 ಡಿಗ್ರಿ ಇರೋದು ಹುಳ ಸಾಯಿಸಲಿಕ್ಕೆ. ಮರದೊಳಗಿನ ಅಂಟು ಗಟ್ಟಿಯಾಗಿ ಕೂರಬೇಕಾದರೆ 70 ಡಿಗ್ರಿ ದಾಟಬೇಕು. ಹಾಗಾಗಿ ನಿಮ್ಮ ಗಂಟುಗಳಲ್ಲಿ ಅಂಟು ಇನ್ನೂ ಹಸಿಯಾಗೇ ಕೂತಿರಬಹುದು. ಪಶ್ಚಿಮದ ಕಿಟಕಿ ಅಂತೀರಿ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರರ ಬಿಸಿಲು ಬಾಗಿಲ ಮೇಲೆ ಬಿದ್ದರೆ ಗಂಟು ಬೆವರುತ್ತೆ.

ಈ ಪಾಠ ನನಗೆ ತಿಪಟೂರಿನ ಅಕ್ಕನ ಮನೆಯಲ್ಲಿ ಆಯಿತು. ಪೈನ್‌ನಲ್ಲಿ ನಾನು ಮಾಡಿದ ಮೊದಲ ಬೀರು ಅದು. ದೀಪಾವಳಿಗೆ ಮುಗಿಸಿ ಎಣ್ಣೆ ವಾರ್ನಿಶ್ ಮೂರು ಕೋಟ್ ಹೊಡೆದೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಯುಗಾದಿ ಹೊತ್ತಿಗೆ ಅಕ್ಕ ಫೋನ್ ಮಾಡಿ, ‘ನಿನ್ನ ಬೀರು ಅಳ್ತಾ ಇದೆ ಕಣೋ’ ಅಂದಳು. ಹೋಗಿ ನೋಡಿದರೆ ಪ್ರತಿ ಗಂಟಿನ ಕೆಳಗೂ ಜೇನುತುಪ್ಪದಂಥ ಒಂದೊಂದು ಹನಿ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಒಂದು ಹನಿ ಅವಳ ರೇಷ್ಮೆ ಸೀರೆಯ ಅಂಚಿಗೂ ತಾಗಿತ್ತು. ಸೀರೆ ವಿಷಯ ಇವತ್ತಿಗೂ ಆಡುತ್ತಾಳೆ.

ಇದಕ್ಕೆ ಮದ್ದು ಹಳೆಯದೇ. ಅರಗು. ಸ್ಪಿರಿಟ್ ಪಾಲಿಶ್ ಅಂತ ನಮ್ಮ ಅಪ್ಪನ ಕಾಲದವರು ಹಚ್ಚುತ್ತಿದ್ದರಲ್ಲ, ಅದು. ಚನ್ನಪಟ್ಟಣದವರು ಗೊಂಬೆಗೆ ಬಣ್ಣ ಕೂರಿಸುವುದೂ ಅರಗಿನಲ್ಲೇ. ಪೈನ್ ಅಂಟು ಥಿನ್ನರ್‌ಗೆ, ಟರ್ಪೆಂಟೈನ್‌ಗೆ ಕರಗುತ್ತೆ. ನಿಜವಾದ ಟರ್ಪೆಂಟೈನ್ ತೆಗೆಯುವುದೇ ಪೈನ್ ಅಂಟಿನಿಂದ. ಅದಕ್ಕೇ ಎಣ್ಣೆ ವಾರ್ನಿಶ್‌ನೊಳಗೆ ಅದು ಆರಾಮವಾಗಿ ನುಗ್ಗುತ್ತೆ. ಅರಗಿನ ಪದರವನ್ನು ಅಷ್ಟು ಸುಲಭವಾಗಿ ದಾಟಲ್ಲ.

ಅಂಗಡಿಯಲ್ಲಿ ಅರಗಿನ ಚಕ್ಕೆ ಕೇಳಿ ತನ್ನಿ. ಆದಷ್ಟು ತಿಳಿ ಬಣ್ಣದ್ದು ಆರಿಸಿ. ಕಿತ್ತಳೆ ಬಣ್ಣದ್ದು ಹಚ್ಚಿದರೆ ನಿಮ್ಮ ಮನೆಯವರ ‘ಬಿಳಿ’ ಅಲ್ಲಿಗೇ ಮುಗಿಯಿತು. 100 ಗ್ರಾಂ ಚಕ್ಕೆಗೆ 400 ಮಿಲಿ ಸ್ಪಿರಿಟ್. ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ, ಆಗಾಗ ಅಲ್ಲಾಡಿಸಿ. ಮಾರನೆಯ ದಿನಕ್ಕೆ ಕರಗಿರುತ್ತೆ. ಆಮೇಲೆ ಮೂರು ನಾಲ್ಕು ದಿನ ಕದಲಿಸಬೇಡಿ. ತಳದಲ್ಲಿ ಮಜ್ಜಿಗೆಯ ಗಷ್ಟಿನ ಹಾಗೆ ಬೆಳ್ಳಗೆ ಕೂರುತ್ತಲ್ಲ, ಅದು ಅರಗಿನ ಮೇಣ. ಮೇಲಿನ ತಿಳಿಯನ್ನು ಮಾತ್ರ ಮೆಲ್ಲಗೆ ಬಗ್ಗಿಸಿಕೊಳ್ಳಿ. ಮೇಣ ಸೇರಿಕೊಂಡರೆ ಅದರ ಮೇಲೆ ಹಾಕುವ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಹಿಡಿಯಲ್ಲ, ಆರು ತಿಂಗಳಿಗೆ ಸಿಪ್ಪೆ ಏಳುತ್ತೆ. ಸ್ಪಿರಿಟ್ ಹೊತ್ತಿಕೊಳ್ಳುವ ವಸ್ತು. ಒಲೆ ಇರುವ ಕೋಣೆಯಲ್ಲಿ ಈ ಕೆಲಸ ಬೇಡ. ಬಾಟಲಿ ಮೇಲೆ ದೊಡ್ಡದಾಗಿ ಬರೆದಿಡಿ. ಅದು ವಿಷ. ಮನೆಗೆ ಮೊಮ್ಮಕ್ಕಳು ಬರುತ್ತಿರುತ್ತಾರೆ.

ಗಂಟಿನ ಮೇಲೆ ಅಂಟು ಕಾಣಿಸಿದರೆ ಮೊದಲು ಹಳೇ ಚಾಕುವಿನಲ್ಲಿ ಕೆರೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಗಂಟಿಗೆ ಎರಡು ಸಲ ಅರಗು ಮುಟ್ಟಿಸಿ. ಆಮೇಲೆ ಇಡೀ ಹಲಗೆಗೆ ತೆಳ್ಳಗೆ ಒಂದು ಸಲ. ಬರೀ ಗಂಟಿಗೆ ಹಚ್ಚಿ ಬಿಟ್ಟರೆ ಕಪಾಟಿನ ತುಂಬ ಬಿಂದಿ ಇಟ್ಟ ಹಾಗೆ ಕಾಣುತ್ತೆ.

ಈಗ ಮೇಲಿನ ಕೋಟ್. ಬರೀ ಅರಗಿನಲ್ಲೇ ಮುಗಿಸಬಹುದಲ್ಲ ಅಂದರೆ, ದೇವರಮನೆ ಬಾಗಿಲಿಗೆ ಸರಿ, ಅಡುಗೆಮನೆಗೆ ಅಲ್ಲ. ನೀರು ನಿಂತರೆ ಬಿಳಿ ಉಂಗುರ. ಬಿಸಿ ಪಾತ್ರೆ ತಾಗಿದರೆ ಮೆತ್ತಗಾಗುತ್ತೆ. ಕ್ಯಾತ್ಸಂದ್ರ ಅಂದಮೇಲೆ ಬೆಳಗಾದರೆ ತಟ್ಟೆ ಇಡ್ಲಿಯ ಹಬೆ ಇರಲೇಬೇಕು. ಅರಗು ಪಾಪ, ಅಷ್ಟು ತಡೆಯಲ್ಲ.

ಎರಡು ವರ್ಷದ ಹಿಂದೆ ಇದೇ ತಲೆಬಿಸಿಗೆ ಒಂದು ಪರೀಕ್ಷೆ ಮಾಡಿದೆ. ಒಂದೇ ಪೈನ್ ಹಲಗೆಯಿಂದ ಅಂಗೈ ಅಗಲದ ಐದು ತುಂಡು ಕೊಯ್ದೆ. ಒಂದಕ್ಕೆ ಅರಗು, ಒಂದಕ್ಕೆ ಎಣ್ಣೆ ವಾರ್ನಿಶ್, ಒಂದಕ್ಕೆ ಮೆಲಮೈನ್, ಒಂದಕ್ಕೆ ಹಾರ್ಡ್‌ನರ್ ಬೆರೆಸುವ ಎರಡು ಡಬ್ಬದ ಪಿಯು, ಇನ್ನೊಂದಕ್ಕೆ ನೀರಿನ ಪಿಯು. ಒಂದು ತಿಂಗಳು ಬಿಟ್ಟು ಎಲ್ಲದರ ಮೇಲೂ ಒಗ್ಗರಣೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಒಂದೊಂದು ಚಿಟಿಕೆ ಇಟ್ಟೆ. ಪಕ್ಕದಲ್ಲಿ ಹುಣಿಸೆ ರಸ ಒಂದು ಹನಿ. ಹೆಂಡತಿ, ‘ಇದೇನು ಮಾಟವಾ?’ ಅಂದಳು. ಬೆಳಗ್ಗೆ ಸೋಪಿನ ನೀರಲ್ಲಿ ಒರೆಸಿ ನೋಡಿದೆ. ಎರಡು ಡಬ್ಬದ ಪಿಯು ಮೇಲೆ ಕಲೆಯ ಸುಳಿವೇ ಇರಲಿಲ್ಲ. ಮೆಲಮೈನ್‌ದೂ ಹೆಚ್ಚುಕಡಿಮೆ ಹಾಗೇ. ನೀರಿನ ಪಿಯು ಮೇಲೆ ತೆಳು ಹಳದಿ ನೆರಳು ಉಳಿದಿತ್ತು, ಎರಡು ದಿನ ಬಿಸಿಲಿಗಿಟ್ಟಾಗ ಅದೂ ಹೋಯಿತು. ಅರಿಶಿನಕ್ಕೆ ಬಿಸಿಲು ಆಗಿಬರಲ್ಲ ಅಂತ ಬಟ್ಟೆ ಒಗೆಯುವ ಯಾರನ್ನು ಕೇಳಿದರೂ ಹೇಳುತ್ತಾರೆ. ಎಣ್ಣೆ ವಾರ್ನಿಶ್ ಕಲೆ ಸ್ವಲ್ಪ ಕುಡಿದಿತ್ತು. ಅರಗಿನ ತುಂಡಿಗೆ ಮಾತ್ರ ಮದುವಣಗಿತ್ತಿಯ ಕಳೆ. ಹುಣಿಸೆ ಯಾವುದನ್ನೂ ಏನೂ ಮಾಡಲಿಲ್ಲ.

ಹಾಗಾದರೆ ಎರಡು ಡಬ್ಬದ ಪಿಯುನೇ ಹಚ್ಚೋಣ ಅಂತೀರಾ? ಗಟ್ಟಿತನದಲ್ಲಿ ಅದನ್ನು ಮೀರಿಸೋದು ಕಷ್ಟ. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತೆ. ಉಸಿರಿಗೆ ಸೇರಿದರೆ ಒಬ್ಬೊಬ್ಬರಿಗೆ ಆಸ್ತಮಾ ಹಿಡಿಸಿಬಿಡುತ್ತೆ. ಗನ್‌ನಲ್ಲಿ ಹೊಡೆಯಬೇಕಾದರೆ ಸರಿಯಾದ ಮಾಸ್ಕ್ ಬೇಕು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಏನೂ ಆಗಲ್ಲ ಅನ್ನುವ ಪಾಲಿಶ್‌ನವರ ಮಾತು ಕೇಳಬೇಡಿ. ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಡಬ್ಬದಲ್ಲೇ ಗಟ್ಟಿಯಾಗುತ್ತೆ ಬೇರೆ. ಮೆಲಮೈನ್‌ನಲ್ಲಿ ಒಣಗುವಾಗ ಫಾರ್ಮಾಲ್ಡಿಹೈಡ್ ಹೊರಬರುತ್ತೆ. ಕಣ್ಣು ಉರಿಯುತ್ತಲ್ಲ, ಅದೇ. ಖಾಲಿ ಮನೆಯಲ್ಲಿ, ಕೆಲಸ ಗೊತ್ತಿದ್ದವರು ಹೊಡೆದರೆ ಎರಡೂ ಒಳ್ಳೆಯವೇ. ನೀವು ವಾಸ ಇರುವ ಮನೆ, ಕೈಗೆ ಸಿಕ್ಕಿರುವುದು ಬ್ರಷ್. ಎಣ್ಣೆ ವಾರ್ನಿಶ್ ಬ್ರಷ್‌ಗೆ ಸುಲಭ, ಗಟ್ಟಿಯೂ ಇದೆ. ಆದರೆ ಹಚ್ಚಿದ ದಿನವೇ ಹಳದಿ, ವರ್ಷ ಕಳೆದ ಹಾಗೆ ಇನ್ನೂ ಹಳದಿ. ಬಾಗಿಲು ಮುಚ್ಚಿದ ಕತ್ತಲಲ್ಲಿ ಅದು ಇನ್ನೂ ಜಾಸ್ತಿ ಹಳದಿಯಾಗುತ್ತೆ ಅನ್ನುವುದು ವಿಚಿತ್ರ, ಆದರೆ ನಿಜ.

ನಿಮಗೆ ನನ್ನ ಓಟು ನೀರಿನ ಪಿಯುಗೆ. ಡಬ್ಬದಲ್ಲಿ ಹಾಲಿನ ಹಾಗೆ ಇರುತ್ತೆ. ನೋಡಿ ಗಾಬರಿಯಾಗಬೇಡಿ, ಒಣಗಿದರೆ ನೀರಿನಷ್ಟೇ ತಿಳಿ. ಹೊಳಪಿನದು ಬೇಡ, ಮ್ಯಾಟ್ ಅಥವಾ ಸ್ಯಾಟಿನ್ ತನ್ನಿ. ಪೈನ್ ಮೆತ್ತನೆ ಮರ. ಸೌಟು ತಾಗಿದರೂ ತಗ್ಗು ಬೀಳುತ್ತೆ. ಹೊಳಪಿನಲ್ಲಿ ಆ ತಗ್ಗುಗಳೆಲ್ಲ ಎದ್ದು ಕಾಣುತ್ತವೆ. ಒಂದು ಲೀಟರ್ ಒಂದು ಕೋಟ್‌ಗೆ ಸುಮಾರು 100 ಚದರ ಅಡಿ ಬರುತ್ತೆ. ಮಿಕ್ಕ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾ?

ನಿಮ್ಮ ಮನೆಯವರಿಗೆ ಒಂದು ಮಾತು ಈಗಲೇ ಹೇಳಿಬಿಡಿ, ಆಮೇಲೆ ನನ್ನನ್ನು ಬೈಯಬಾರದು. ಪಾಲಿಶ್ ತಿಳಿಯಾಗಿದ್ದರೂ ಪೈನ್ ಬಿಳಿಯಾಗಿ ಉಳಿಯಲ್ಲ. ಬೆಳಕು ಬಿದ್ದ ಕಡೆ ಮರವೇ ಜೇನಿನ ಬಣ್ಣಕ್ಕೆ ತಿರುಗುತ್ತೆ. ನನ್ನ ಒಂದು ತುಂಡಿನ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಟೆರೇಸಿನ ಸಜ್ಜೆ ಮೇಲೆ ಒಂದು ತಿಂಗಳು ಇಟ್ಟಿದ್ದೆ. ಕಾಗದ ಬಿಚ್ಚಿದಾಗ ಹಲಗೆಗೆ ಬನಿಯನ್ ಹಾಕಿದ ಹಾಗೆ ಗೆರೆ ಬಿದ್ದಿತ್ತು. ಡಬ್ಬದ ಮೇಲೆ ಯುವಿ ತಡೆ ಅಂತ ಬರೆದಿದ್ದರೆ ಇದು ನಿಧಾನವಾಗುತ್ತೆ, ನಿಲ್ಲಲ್ಲ. ಆ ಪಶ್ಚಿಮದ ಕಿಟಕಿಗೆ ಒಂದು ಪರದೆ ಹಾಕಿಸಿ. ಬಾಗಿಲ ಮೇಲೆ ಕ್ಯಾಲೆಂಡರ್ ನೇತು ಹಾಕಬೇಡಿ, ವರ್ಷ ಕಳೆದು ತೆಗೆದರೆ ಅಲ್ಲೊಂದು ಬಿಳಿ ಚೌಕ ಇರುತ್ತೆ.

ಮಗನ ತೇಗದ ಕಲರ್? ಬೇಡ. ಪೈನ್‌ನಲ್ಲಿ ಬಿಳಿ ಗೆರೆ ಮೆತ್ತಗೆ, ಕೆಂಪು ಗೆರೆ ಗಟ್ಟಿ. ಸ್ಟೇನ್ ಹಚ್ಚಿದರೆ ಮೆತ್ತನೆಯದು ಗಟಗಟ ಕುಡಿಯುತ್ತೆ, ಗಟ್ಟಿ ಗೆರೆ ಹಾಗೇ ಉಳಿಯುತ್ತೆ. ಫೋಟೋದ ನೆಗೆಟಿವ್ ನೋಡಿದ ಹಾಗೆ ಕಾಣುತ್ತೆ, ಮೇಲೆ ಮೋಡ ಮೋಡದಂಥ ಕಲೆ. ತೇಗವೇ ಬೇಕಿದ್ದರೆ ತೇಗ ತರಬೇಕಿತ್ತು. ನಮ್ಮ ಕಡೆ ಹಲಸಿನ ಹಲಗೆಗೇನು ಬರವಾ?

ಹಚ್ಚುವ ಕ್ರಮ. ಮೊದಲು 120, ಆಮೇಲೆ 180 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಎಳೆಯ ಉದ್ದಕ್ಕೇ ಉಜ್ಜಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಆದಮೇಲೆ ಎದ್ದು ಕುಣಿಯುತ್ತೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಿಸಿ. ನಾರು ಗಡ್ಡದ ಹಾಗೆ ಏಳುತ್ತೆ, 220ರಲ್ಲಿ ಹಗುರವಾಗಿ ತೆಗೆಯಿರಿ. ಆಮೇಲೆ ಅರಗು. ಅದು ಒಣಗಿದ ಮೇಲೆ 320ರಲ್ಲಿ ಸುಮ್ನೆ ಸವರಿ, ನೀರಿನ ಪಿಯು ಮೂರು ತೆಳು ಕೋಟ್. ನಡುವೆ ಡಬ್ಬದಲ್ಲಿ ಹೇಳಿದಷ್ಟು ಗಂಟೆ ಬಿಡಿ, ಮತ್ತೆ 320. ಸ್ಟೀಲ್ ಉಲ್ಲನ್ ಮಾತ್ರ ಮುಟ್ಟಬೇಡಿ. ಅದರ ಚೂರು ಉಳಿದು ನೀರಿನ ಪಿಯು ಅಡಿಯಲ್ಲಿ ತುಕ್ಕು ಹಿಡಿಯುತ್ತೆ. ಬ್ರಷ್ ನೈಲಾನ್‌ದು ಇರಲಿ. ಒಂದು ಸಲ ಎಳೆದ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಡಿ. ಕಪ್ಪು ಹಲಗೆ ಒರೆಸಿದ ಹಾಗೆ ಹಿಂದೆ ಮುಂದೆ ಆಡಿಸಿದರೆ ಗುಳ್ಳೆ ಬರುತ್ತೆ.

ಬಾಗಿಲಿನ ಮುಂದೆ ಎಷ್ಟು ಕೋಟೋ ಹಿಂದೆಯೂ ಅಷ್ಟೇ ಕೋಟ್. ಯಾರಿಗೆ ಕಾಣುತ್ತೆ ಅಂತ ಹಿಂಭಾಗ ಬಿಟ್ಟರೆ ಮಳೆಗಾಲದಲ್ಲಿ ಆ ಕಡೆ ಮಾತ್ರ ತೇವ ಎಳೆದುಕೊಂಡು ಬಾಗಿಲು ಹಪ್ಪಳದ ಹಾಗೆ ಬಾಗುತ್ತೆ. ಕೆಳಗಿನ ಅಂಚನ್ನೂ ಮರೆಯಬೇಡಿ. ನೆಲ ಒರೆಸುವ ನೀರು ಮೊದಲು ಹತ್ತುವುದು ಅಲ್ಲಿಗೇ. ಇಷ್ಟೆಲ್ಲ ಮಾಡಿದರೂ ಗೆದ್ದಲಿಗೆ ಪಾಲಿಶ್ ಒಂದು ಲೆಕ್ಕವೇ ಅಲ್ಲ. ಕಪಾಟನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಅಥವಾ ಸ್ಟೀಲ್ ಕಾಲಿನ ಮೇಲೆ ಕೂರಿಸಿ.

ಆಷಾಢದ ಗಾಳಿಯಲ್ಲಿ ಈ ಕೆಲಸ ಹಿಡಿಯಬೇಡಿ. ನಮ್ಮ ಬಯಲಿನ ಧೂಳೆಲ್ಲ ಬಂದು ಹಸಿ ಕೋಟ್ ಮೇಲೆ ಕೂರುತ್ತೆ. ಬೇರೆ ದಾರಿ ಇಲ್ಲ ಅಂದರೆ ನಸುಕಿನಲ್ಲಿ, ಗಾಳಿ ಏಳುವ ಮುಂಚೆ, ನೆಲಕ್ಕೆ ನೀರು ಚಿಮುಕಿಸಿ ಮಾಡಿ. ಮುಟ್ಟಿದರೆ ಒಂದೇ ದಿನದಲ್ಲಿ ಒಣಗಿದ ಹಾಗಿರುತ್ತೆ. ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಡಬ್ಬಿ ಜೋಡಿಸಬೇಡಿ, ಅರಿಶಿನದ ಕೈಯಲ್ಲಿ ಮುಟ್ಟಲು ಯಾರನ್ನೂ ಬಿಡಬೇಡಿ. ಮತ್ತೆ, ನನ್ನ ಮಾತು ನಂಬಿ ನೇರ ಕಪಾಟಿನ ಬಾಗಿಲಿಗೇ ಕೈ ಹಾಕಬೇಡಿ. ಗಂಟಿರುವ ಒಂದು ವೇಸ್ಟ್ ತುಂಡಿಗೆ ಹಚ್ಚಿ, ಒಂದು ವಾರ ಅದೇ ಕಿಟಕಿಯಲ್ಲಿಟ್ಟು ನೋಡಿ.

ಪ್ರಶ್ನೆ: ಹೊಸ ಕಪಾಟಿನ ಡ್ರಾಯರ್ ಒಳಗಡೆಯೂ ಪಾಲಿಶ್ ಹಾಕಬೇಕಾ? ನಮ್ಮದು ಹಾಕಿಸಿ ಎರಡು ತಿಂಗಳಾದರೂ ವಾಸನೆ ಹೋಗಿಲ್ಲ. ಅಕ್ಕಿ, ಬೇಳೆಗೂ ಹತ್ತಿದೆ.
– ಗೃಹಿಣಿ, ಗುಬ್ಬಿ

ಉತ್ತರ: ತಾಯಿ, ನಿಮಗೆ ಹಾಕಿರುವುದು ಎಣ್ಣೆ ವಾರ್ನಿಶ್ ಇರಬೇಕು. ಅದು ಗಾಳಿ ಕುಡಿದು ಗಟ್ಟಿಯಾಗುವಂಥದ್ದು. ಮುಚ್ಚಿದ ಡ್ರಾಯರ್‌ನಲ್ಲಿ ಗಾಳಿ ಎಲ್ಲಿಂದ ಬರಬೇಕು? ಮೇಲೆ ಹೇಳಿದ ಅಕ್ಕನ ಬೀರುವಿನಲ್ಲಿ ಈ ತಪ್ಪನ್ನೂ ನಾನು ಮಾಡಿದ್ದೆ. ಅವಳ ಸೀರೆಗೆಲ್ಲ ವರ್ಷಗಟ್ಟಲೆ ಲಾರಿ ಗ್ಯಾರೇಜಿನ ವಾಸನೆ. ಡ್ರಾಯರ್‌ಗಳನ್ನು ಹೊರಗೆ ತೆಗೆದು, ನೆರಳಲ್ಲಿ ಗಾಳಿ ಆಡುವ ಕಡೆ ಎರಡು ವಾರ ಒರಗಿಸಿಡಿ. ಹೋಗಲಿಲ್ಲ ಅಂದರೆ ಒಳಗಡೆ 220ರಲ್ಲಿ ಉಜ್ಜಿ, ಮೇಣ ತೆಗೆದ ಅರಗು ಎರಡು ಕೋಟ್ ಹಚ್ಚಿಸಿ. ಅರಗು ವಾಸನೆಯನ್ನು ಒಳಗೇ ಕಟ್ಟಿಹಾಕುತ್ತೆ, ಅದರದೇ ಸ್ಪಿರಿಟ್ ವಾಸನೆ ಒಂದೆರಡು ದಿನದಲ್ಲಿ ಹಾರಿಹೋಗುತ್ತೆ. ಹತ್ತಿದ ಬೇಳೆಯನ್ನು ಮಾತ್ರ ಬಳಸಬೇಡಿ.

ಪ್ರಶ್ನೆ: ನಮ್ಮದೇ ತೋಟ, ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಕೊರತೆ ಇಲ್ಲ. ಕೆಮಿಕಲ್ ಯಾಕೆ, ಪೈನ್ ಶೆಲ್ಫ್‌ಗೆ ಅದನ್ನೇ ಸವರಬಹುದಲ್ಲ?
– ರೈತರು, ತಿಪಟೂರು ತಾಲ್ಲೂಕು

ಉತ್ತರ: ತಲೆಗೆ ಹಚ್ಚಿಕೊಳ್ಳಿ ಸ್ವಾಮಿ, ಶೆಲ್ಫ್‌ಗೆ ಬೇಡ. ಎಣ್ಣೆಗಳಲ್ಲಿ ಒಣಗುವ ಜಾತಿ, ಒಣಗದ ಜಾತಿ ಅಂತ ಎರಡಿದೆ. ಕೊಬ್ಬರಿ, ಹೊಂಗೆ, ಹರಳೆಣ್ಣೆ ಎಲ್ಲ ಒಣಗದ ಜಾತಿ. ವರ್ಷ ಕಳೆದರೂ ಜಿಡ್ಡು ಜಿಡ್ಡೇ. ಧೂಳು ಹಿಡಿಯುತ್ತೆ, ಕೊಬ್ಬರಿ ಎಣ್ಣೆ ಕಮಟುತ್ತೆ. ಆಮೇಲೆ ಬುದ್ಧಿ ಬಂದು ಪಾಲಿಶ್ ಹಚ್ಚಲು ಹೋದರೆ ಅದೂ ಹಿಡಿಯಲ್ಲ. ಅಗಸೆ ಎಣ್ಣೆ ಒಣಗುವ ಜಾತಿ. ಪುಸ್ತಕ ಇಡುವ ಶೆಲ್ಫ್ ಆದರೆ ಅಂಗಡಿಯಲ್ಲಿ ಸಿಗುವ ಬೇಯಿಸಿದ ಅಗಸೆ ಎಣ್ಣೆ (ಬಾಯ್ಲ್ಡ್ ಲಿನ್ಸೀಡ್ ಆಯಿಲ್) ತೆಳ್ಳಗೆ ಸವರಿ, ಅರ್ಧ ಗಂಟೆ ಬಿಟ್ಟು, ಮಿಕ್ಕಿದ್ದನ್ನೆಲ್ಲ ಒರೆಸಿ ತೆಗೆಯಿರಿ. ಬಣ್ಣ ಮಾತ್ರ ಹಳದಿಯಾಗುತ್ತೆ.

ಒರೆಸಿದ ಬಟ್ಟೆ ವಿಷಯ ಗಮನವಿಟ್ಟು ಕೇಳಿ. ಅಗಸೆ ಎಣ್ಣೆಯ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಒಳಗೊಳಗೇ ಬಿಸಿಯಾಗಿ, ಬೆಂಕಿ ಕಡ್ಡಿ ಇಲ್ಲದೆ ತಾನೇ ಹೊತ್ತಿಕೊಳ್ಳಬಹುದು. ಕೊಬ್ಬರಿ ಶೆಡ್ಡಿನಲ್ಲಂತೂ ಕೇಳುವುದೇ ಬೇಡ. ಪ್ರತಿ ಬಟ್ಟೆಯನ್ನೂ ಬಿಡಿಸಿ, ಹೊರಗಡೆ ತಂತಿ ಮೇಲೆ ಒಂದೊಂದೇ ಹರಡಿ. ಒಣಗಿ ಅಟ್ಟೆಯ ಹಾಗೆ ಬಿರುಸಾದ ಮೇಲೆ ಬಿಸಾಡಿ.

ಪ್ರಶ್ನೆ: ಹೋದ ತಿಂಗಳು ಮಳೆ ಇದ್ದ ದಿನವೇ ಪಾಲಿಶ್‌ನವರು ಬಂದು ಪೈನ್ ಬಾಗಿಲಿಗೆ ಎನ್‌ಸಿ ಲ್ಯಾಕರ್ (ಥಿನ್ನರ್‌ನಲ್ಲಿ ಕರಗಿಸಿದ ನೈಟ್ರೋಸೆಲ್ಯುಲೋಸ್ ಪಾಲಿಶ್) ಹೊಡೆದು ಹೋದರು. ಸಂಜೆಗೆ ಬಾಗಿಲ ಮೇಲೆ ಮಂಜು ಮುಸುಕಿದ ಹಾಗೆ ಬೆಳ್ಳಗಾಗಿದೆ. ಎಲ್ಲ ಕೆರೆದು ತೆಗೆಯಬೇಕಾ?
– ಬ್ಯಾಂಕ್ ಉದ್ಯೋಗಿ, ಶಿರಾ

ಉತ್ತರ: ಕೆರೆಯಬೇಡಿ. ಥಿನ್ನರ್ ಭರ್ರನೆ ಹಾರುವಾಗ ಮೇಲ್ಮೈ ತಣ್ಣಗಾಗುತ್ತೆ, ಒದ್ದೆ ಗಾಳಿಯ ತೇವ ಅಲ್ಲಿ ಕೂತು ಸಿಕ್ಕಿಕೊಳ್ಳುತ್ತೆ. ಬೆಳ್ಳಗೆ ಕಾಣೋದು ಅದೇ. ಮೂರು ನಾಲ್ಕು ಒಣ ದಿನ ಕಾಯಿರಿ, ಎಷ್ಟೋ ಸಲ ತಾನಾಗೇ ತಿಳಿಯಾಗುತ್ತೆ. ಆಗಲಿಲ್ಲ ಅಂದರೆ ಅದೇ ಪಾಲಿಶ್‌ನವರನ್ನು ಕರೆಸಿ, ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಬಾಗಿಲ ಮೇಲೆ ಮಂಜಿನಷ್ಟು ತೆಳ್ಳಗೆ ಹೊಡೆಸಿ. ಲ್ಯಾಕರ್ ಮತ್ತೆ ಸ್ವಲ್ಪ ಕರಗಿ, ಒಳಗಿನ ತೇವ ಬಿಟ್ಟುಕೊಡುತ್ತೆ. ಬೆಳಗ್ಗೆ ಹತ್ತು ಗಂಟೆಯ ಮೇಲೆ, ಬಿಸಿಲು ಬಿದ್ದ ದಿನ ಮಾಡಿಸಿ. ಮತ್ತೆ ಕೂಲಿ ಕೇಳಿದರೆ, ಮಳೆಯಲ್ಲಿ ಹೊಡೆದವರು ಯಾರು ಅಂತ ನೀವೂ ಕೇಳಿ.